ಕೆರೆ ದೋಣಿಯ ಒಡಲು: ಫೈಬರ್ ಗ್ಲಾಸ್ ಹರಿಗೋಲು ಹಾಗೂ ದೋಣಿಗಳಿಗೆ ಬಣ್ಣ ಹಚ್ಚುವ ಮತ್ತು ಅವುಗಳನ್ನು ನಿರ್ವಹಿಸುವ ಕ್ರಮ

(ಕೆ.ಜಿ.ಎಫ್. ಮತ್ತು ಬಂಗಾರಪೇಟೆ ತಾಲ್ಲೂಕುಗಳ ಗ್ರಾಮ ಪಂಚಾಯಿತಿ ಸದಸ್ಯರ ಅಧ್ಯಯನಕ್ಕಾಗಿ)



ವರ್ಷವಿಡೀ ಹರಿಯುವ ನದಿಯೊಂದೂ ಇಲ್ಲದ ಕೋಲಾರ ಜಿಲ್ಲೆಗೆ ಕೆರೆಗಳೇ ಆಧಾರ. ಶಾಸನಗಳಲ್ಲಿ ವಿಜಯಾದಿತ್ಯಮಂಗಲವೆಂದು ಹೆಸರಿಸಲಾದ ಬೇತಮಂಗಲದ ಕೆರೆಯು ಪಾಲಾರ್ ನದಿಯ ನೀರನ್ನು ತಡೆದು ನಿಲ್ಲಿಸಿದ ಪ್ರಾಚೀನ ಕೆರೆ. 20ನೆಯ ಶತಮಾನದ ಆರಂಭದಿಂದ ಚಿನ್ನದ ಗಣಿಗಳಿಗೂ ಗಣಿ ಕಾರ್ಮಿಕರ ವಸತಿಗಳಿಗೂ ಕುಡಿಯುವ ನೀರನ್ನು ಒದಗಿಸಿದ್ದು ಇದೇ ಕೆರೆ. ನಡುವೆ ಬರದ ವರ್ಷಗಳು ಒಂದರ ಹಿಂದೊಂದು ಬಂದು ಜಿಲ್ಲೆಯ ಅನೇಕ ಕೆರೆಗಳು ಬರಿದಾಗಿದ್ದಾಗ ದೋಣಿಯ ಅಗತ್ಯವೇ ಇರಲಿಲ್ಲ.

ಈಗ ಪರಿಸ್ಥಿತಿ ಬದಲಾಗಿದೆ. 2018ರ ಜೂನ್‌ನಲ್ಲಿ ಕೋರಮಂಗಲ–ಚಲ್ಲಘಟ್ಟ ಕಣಿವೆ ಯೋಜನೆಯ ಸಂಸ್ಕರಿಸಿದ ನೀರು ಮೊದಲಿಗೆ ಲಕ್ಷ್ಮೀಸಾಗರ ಕೆರೆಯನ್ನು ತಲುಪಿತು. ಅಲ್ಲಿಂದ ಮುಂದಕ್ಕೆ ಜಿಲ್ಲೆಯ ಹಲವು ಕೆರೆಗಳಿಗೆ ಹರಿಯಿತು. 2021ರ ಭಾರಿ ಮಳೆಗೆ ಅನೇಕ ಕೆರೆಗಳು ಕೋಡಿ ಹರಿದವು. ಬಂಗಾರಪೇಟೆ ತಾಲ್ಲೂಕಿನ ಯರಗೋಳ್ ಬಳಿ ಮಾರ್ಕಂಡೇಯ ನದಿಗೆ ಕಟ್ಟಿದ ಅಣೆಕಟ್ಟಿನಲ್ಲಿ ನೀರು ನಿಂತಿತು. ನೀರಿನೊಂದಿಗೆ ಮೀನು ಸಾಕಣೆಯೂ, ಮೀನಿನೊಂದಿಗೆ ದೋಣಿಯೂ ಮರಳಿ ಬಂದಿವೆ. ಇಂದು ನಮ್ಮ ಕೆರೆಗಳಲ್ಲಿ ಕಾಣುವುದು ಹೆಚ್ಚಾಗಿ ಫೈಬರ್ ಗ್ಲಾಸ್ ಹರಿಗೋಲುಗಳು. ಮೀನುಗಾರಿಕೆ ಇಲಾಖೆಯು ಒಳನಾಡು ಮೀನುಗಾರರಿಗೆ ಇವುಗಳನ್ನು ಒದಗಿಸುತ್ತದೆ. ಕೆಲವೆಡೆ ಸಂಘಗಳೂ ಪಂಚಾಯಿತಿಗಳೂ ತಮ್ಮದೇ ದೋಣಿಗಳನ್ನು ಹೊಂದಿವೆ. ಆದರೆ ದೋಣಿಯ ಆರೈಕೆಯ ತಿಳಿವಳಿಕೆ ದೋಣಿಯೊಂದಿಗೆ ತಾನಾಗಿ ಬರುವುದಿಲ್ಲ. ಆ ಕೊರತೆಯನ್ನು ನೀಗಿಸುವುದೇ ಈ ಪಾಠದ ಉದ್ದೇಶ.

ಸಂವಿಧಾನದ 11ನೆಯ ಅನುಸೂಚಿಯು ಪಂಚಾಯಿತಿಗಳಿಗೆ ವಹಿಸಬಹುದಾದ ವಿಷಯಗಳಲ್ಲಿ ಮೀನುಗಾರಿಕೆಯನ್ನು 5ನೆಯದಾಗಿ ಪಟ್ಟಿ ಮಾಡಿದೆ. ಆದುದರಿಂದ ಕೆರೆಯ ದೋಣಿ ಎಂತಹ ಸ್ಥಿತಿಯಲ್ಲಿದೆ ಎಂಬುದು ಮೀನುಗಾರನೊಬ್ಬನ ಚಿಂತೆ ಮಾತ್ರವಲ್ಲ, ನಮ್ಮ ಸಭೆಯ ವಿಷಯವೂ ಹೌದು. ನಸುಕಿನಲ್ಲಿ ಬಲೆ ಎತ್ತಲು ಹೋಗುವ ಇಬ್ಬರ ಜೀವ ಕೆಲವೇ ಮಿಲಿಮೀಟರ್ ದಪ್ಪದ ಒಂದು ಹೊದಿಕೆಯನ್ನು ನಂಬಿರುತ್ತದೆ ಎಂಬುದನ್ನು ಮರೆಯಬಾರದು.

1. ಫೈಬರ್ ಗ್ಲಾಸ್ ಎಂದರೇನು? ಅದು ಏಕೆ ಕೆಡುತ್ತದೆ?

ಹಿಂದಿನ ಹರಿಗೋಲು ಬಿದಿರಿನ ಹೆಣಿಗೆಗೆ ತೊಗಲು ಹೊದಿಸಿ ಮಾಡಿದ್ದು. ಅನಂತರ ತೊಗಲಿನ ಸ್ಥಾನಕ್ಕೆ ಟಾರು ಬಳಿದ ಗೋಣಿ ಅಥವಾ ಪ್ಲಾಸ್ಟಿಕ್ ಹಾಳೆ ಬಂದಿತು. ಅದನ್ನು ಆಗಾಗ್ಗೆ ಬಿಸಿಲಿಗೆ ಒಣಗಿಸಿ, ಕಾಲಕಾಲಕ್ಕೆ ಹೊದಿಕೆಯನ್ನು ಸರಿಪಡಿಸದಿದ್ದರೆ ಉಳಿಯದೆಂಬುದು ಎಲ್ಲರಿಗೂ ತಿಳಿದಿತ್ತು. ಫೈಬರ್ ಗ್ಲಾಸ್ ಬಂದ ಮೇಲೆ "ಇದಕ್ಕೆ ಏನೂ ಆಗದು" ಎಂಬ ನಂಬಿಕೆ ಹರಡಿತು. ಈ ನಂಬಿಕೆ ಅರ್ಧ ಮಾತ್ರ ಸತ್ಯ. ಫೈಬರ್ ಗ್ಲಾಸಿಗೆ ಗೆದ್ದಲು ಹಿಡಿಯದು, ತುಕ್ಕು ಹತ್ತದು. ಆದರೆ ಅದು ನೀರು ಕುಡಿಯುತ್ತದೆ.

ಗಾಜಿನ ಎಳೆಗಳ ಮ್ಯಾಟನ್ನು ಪಾಲಿಯೆಸ್ಟರ್ ರೆಸಿನ್‌ನಲ್ಲಿ ನೆನೆಸಿ, ಪದರದ ಮೇಲೆ ಪದರ ಕೂರಿಸಿ ಗಟ್ಟಿ ಮಾಡಿದರೆ ದೋಣಿಯ ಒಡಲು ಸಿದ್ಧವಾಗುತ್ತದೆ. ಅದರ ಹೊರಮೈಗೆ ಬಣ್ಣ ಬೆರೆಸಿದ ರೆಸಿನ್‌ನ ನುಣುಪಾದ ಪದರವಿರುತ್ತದೆ; ಇದನ್ನು ಜೆಲ್‌ಕೋಟ್ ಎನ್ನುತ್ತಾರೆ. ಇದರ ದಪ್ಪ ಸುಮಾರು ಅರ್ಧ ಮಿಲಿಮೀಟರ್. ಒಳಗಿನ ಗಾಜಿನ ಎಳೆಗಳಿಗೆ ಇದೇ ರಕ್ಷೆ. ಈ ರಕ್ಷೆ ಮೂರು ಕಾರಣಗಳಿಂದ ಕೆಡುತ್ತದೆ.

ಮೊದಲನೆಯದು ಬಿಸಿಲು. ಸೂರ್ಯನ ನೇರಳಾತೀತ ಕಿರಣಗಳು ರೆಸಿನ್ ಅನ್ನು ಒಡೆಯುತ್ತವೆ. ಕೈಯಿಂದ ಸವರಿದರೆ ಸುಣ್ಣದಂತಹ ಪುಡಿ ಅಂಟುತ್ತದೆ. ಎರಡನೆಯದು ಉಜ್ಜಾಟ. ದೋಣಿಯನ್ನು ಏರಿಯ ಕಲ್ಲು ಹಾಸಿನ ಮೇಲೆ ಎಳೆದಾಗಲೆಲ್ಲ ಜೆಲ್‌ಕೋಟ್ ಗೀರಿ, ಎಳೆಗಳು ಹೊರಗೆ ಕಾಣುತ್ತವೆ. ಮೂರನೆಯದು ನೀರು. ನೀರಿನ ಸೂಕ್ಷ್ಮ ಕಣಗಳು ಜೆಲ್‌ಕೋಟನ್ನು ದಾಟಿ ಒಳಸೇರಿ, ರೆಸಿನ್‌ನಲ್ಲಿ ಉಳಿದಿರುವ ಕರಗುವ ವಸ್ತುಗಳನ್ನು ಕರಗಿಸುತ್ತವೆ. ಆ ಗಾಢ ದ್ರವವು ಹೊರಗಿನ ನೀರನ್ನು ಇನ್ನಷ್ಟು ಒಳಕ್ಕೆ ಎಳೆದುಕೊಳ್ಳುತ್ತದೆ. ಒತ್ತಡ ಹೆಚ್ಚಿ ಹೊರಮೈಯಲ್ಲಿ ಬೊಬ್ಬೆಗಳು ಏಳುತ್ತವೆ. ಉಪ್ಪಿನಕಾಯಿಗೆ ಹಾಕಿದ ಉಪ್ಪು ಮಾವಿನ ಹೋಳಿನ ನೀರನ್ನು ಹೊರಗೆಳೆಯುವುದೂ ಇದೇ ತತ್ತ್ವದಿಂದ.

ಇಲ್ಲಿ ಗಮನಿಸಬೇಕಾದ ಸಂಗತಿಯೊಂದಿದೆ. ಸಮುದ್ರದ ನೀರಿಗಿಂತ ಸಿಹಿನೀರಿನಲ್ಲಿ ಈ ಬೊಬ್ಬೆ ರೋಗದ ಪ್ರವೃತ್ತಿ ಹೆಚ್ಚು. ಸಮುದ್ರದ ನೀರಿನಲ್ಲಿ ಲವಣವಿರುವುದರಿಂದ ಒಳ ಹೊರಗಿನ ಸಾಂದ್ರತೆಯ ಅಂತರ ಕಡಿಮೆ. ಕೆರೆಯ ನೀರಿನಲ್ಲಿ ಆ ಅಂತರ ಹೆಚ್ಚು. ಆದುದರಿಂದ ಕರಾವಳಿಯಲ್ಲಿ ಚೆನ್ನಾಗಿ ಬಾಳುವ ದೋಣಿ ನಮ್ಮಲ್ಲಿಯೂ ಹಾಗೆಯೇ ಬಾಳುವುದೆಂದು ಭಾವಿಸಲಾಗದು. ಇದಲ್ಲದೆ, ಸಾರಜನಕ ಮತ್ತು ರಂಜಕದ ಅಂಶ ಹೆಚ್ಚಿರುವ ನೀರಿನಲ್ಲಿ ಪಾಚಿ ಬೇಗ ಬೆಳೆಯುತ್ತದೆ. ಪಾಚಿ ಒಡಲನ್ನು ತಿನ್ನುವುದಿಲ್ಲ. ಆದರೆ ಅದನ್ನು ತೆಗೆಯಲು ಚೂಪಾದ ಲೋಹದಿಂದ ಕೆರೆಯುವ ನಮ್ಮ ಅಭ್ಯಾಸ ಜೆಲ್‌ಕೋಟನ್ನು ತಿನ್ನುತ್ತದೆ.

2. ಪರೀಕ್ಷೆ: ಬಣ್ಣಕ್ಕೆ ಮೊದಲು ರೋಗ ತಿಳಿಯಬೇಕು

ಬಿರುಕಿನ ಮೇಲೆ ಬಣ್ಣ ಬಳಿದರೆ ಬಿರುಕು ಮರೆಯಾಗುತ್ತದೆಯೇ ಹೊರತು ಗುಣವಾಗುವುದಿಲ್ಲ. ಆದುದರಿಂದ ವರ್ಷಕ್ಕೊಮ್ಮೆ ದೋಣಿಯನ್ನು ನೀರಿನಿಂದ ಮೇಲೆತ್ತಿ, ಬೋರಲು ಹಾಕಿ, ಈ ಕೆಳಗಿನಂತೆ ಪರೀಕ್ಷಿಸಬೇಕು.

(ಅ) ತೂಕ: ಹೊಸ ದೋಣಿ ಬಂದ ದಿನವೇ ಅದನ್ನು ತೂಗಿ, ತೂಕವನ್ನು ದಾಸ್ತಾನು ವಹಿಯಲ್ಲಿ ಬರೆದಿಡಬೇಕು. ಪ್ರತಿ ವರ್ಷ ತೊಳೆದು ಒಣಗಿಸಿದ ಮೇಲೆ ಪುನಃ ತೂಗಬೇಕು. ರಿಪೇರಿ ಮಾಡದಿದ್ದರೂ ತೂಕ ಏರುತ್ತಾ ಹೋದರೆ ಒಡಲು ನೀರು ಕುಡಿಯುತ್ತಿದೆ ಎಂದರ್ಥ.

(ಆ) ಸದ್ದು: ಮರದ ಸಣ್ಣ ಸುತ್ತಿಗೆಯಿಂದ ಅಥವಾ ನಾಣ್ಯದಿಂದ ಗೇಣಿಗೊಂದು ಕಡೆ ತಟ್ಟುತ್ತಾ ಹೋಗಬೇಕು. ಗಟ್ಟಿಯಾದ ಕಡೆ ಸ್ಪಷ್ಟವಾದ ಸದ್ದು ಬರುತ್ತದೆ. ಪದರಗಳು ಬಿಟ್ಟುಕೊಂಡ ಕಡೆ ಒಡೆದ ಮಡಕೆಯಂತೆ ಮಂಕಾದ ಸದ್ದು ಬರುತ್ತದೆ. ಅಂತಹ ಜಾಗವನ್ನು ಸೀಮೆಸುಣ್ಣದಿಂದ ಗುರುತಿಸಬೇಕು.

(ಇ) ಬೊಬ್ಬೆ: ಬೊಬ್ಬೆಯನ್ನು ಚುಚ್ಚುವಾಗ ಕಣ್ಣಿಗೆ ಕನ್ನಡಕ ಇರಲೇಬೇಕು; ಒಳಗಿನ ದ್ರವ ಒತ್ತಡದಿಂದ ಚಿಮ್ಮುತ್ತದೆ. ಅದು ಹುಳಿ ವಾಸನೆ ಬೀರಿದರೆ ರೆಸಿನ್ ಕೆಡಲಾರಂಭಿಸಿದೆ ಎಂದು ತಿಳಿಯಬೇಕು.

(ಈ) ಬಿರುಕು: ಜೇಡರ ಬಲೆಯಂತೆ ಹರಡಿದ ಸೂಕ್ಷ್ಮ ಬಿರುಕುಗಳು ಹೊರಗೆ ಕಂಡರೆ ಅದೇ ಜಾಗವನ್ನು ಒಳಗಿನಿಂದಲೂ ನೋಡಬೇಕು. ಒಳಗೆ ಬಿಳಿಚಿಕೊಂಡಿದ್ದರೆ ಎಳೆಗಳೇ ಮುರಿದಿವೆ. ಅದು ಬಣ್ಣದ ಕೆಲಸವಲ್ಲ, ರಿಪೇರಿಯ ಕೆಲಸ.

(ಉ) ತೇಲುವ ಕೋಶ: ಕೆಲವು ದೋಣಿಗಳಲ್ಲಿ ಮಗುಚಿದರೂ ಮುಳುಗದಂತೆ ಫೋಮ್ ತುಂಬಿದ ಅಥವಾ ಗಾಳಿ ತುಂಬಿದ ಕೋಶಗಳಿರುತ್ತವೆ. ಅವುಗಳಲ್ಲಿ ತೂತು ಕೊರೆದು ಹುಕ್ಕು, ಬಳೆ ಹಾಕಿದ್ದರೆ ನೀರು ಸೇರಿರುತ್ತದೆ. ಈ ಕೋಶ ಕೆಟ್ಟ ದೋಣಿಯನ್ನು ಸರಿಪಡಿಸುವವರೆಗೆ ನೀರಿಗೆ ಇಳಿಸಕೂಡದು.

3. ರಿಪೇರಿ

ತೂತು ಅಥವಾ ಮುರಿದ ಜಾಗವನ್ನು ಪುಟ್ಟಿಯಿಂದ ಮಾತ್ರ ತುಂಬಬಾರದು. ಕೆಟ್ಟ ಭಾಗವನ್ನು ಪೂರ್ತಿ ತೆಗೆದು, ಸುತ್ತಲಿನ ಅಂಚನ್ನು ಇಳಿಜಾರಾಗಿ ಉಜ್ಜಬೇಕು. ಇಳಿಜಾರಿನ ಅಗಲ ಒಡಲಿನ ದಪ್ಪದ 12 ಪಟ್ಟು ಇರುವುದು ಉತ್ತಮ. ಉದಾಹರಣೆಗೆ, 4 ಮಿ.ಮೀ. ದಪ್ಪದ ಒಡಲಾದರೆ ತೂತಿನ ಸುತ್ತ ಸುಮಾರು 5 ಸೆಂ.ಮೀ. ಅಗಲದ ಇಳಿಜಾರು ಬೇಕು. ಅದರ ಮೇಲೆ ಒಂದಕ್ಕಿಂತ ಒಂದು ದೊಡ್ಡದಾದ ಮ್ಯಾಟ್ ತುಂಡುಗಳನ್ನು ರೆಸಿನ್‌ನಲ್ಲಿ ನೆನೆಸಿ, ಗಾಳಿಗುಳ್ಳೆ ಉಳಿಯದಂತೆ ರೋಲರ್‌ನಿಂದ ಒತ್ತಿ ಕೂರಿಸಬೇಕು.

ಪಾಲಿಯೆಸ್ಟರ್ ರೆಸಿನ್ ಗಟ್ಟಿಯಾಗಲು ಎಂಇಕೆಪಿ ಎಂಬ ಹಾರ್ಡ್‌ನರ್ ಬೆರೆಸುತ್ತಾರೆ. ಸಾಮಾನ್ಯ ಪ್ರಮಾಣ ಶೇ. 1ರಿಂದ 2, ಎಂದರೆ 1 ಕಿಲೋ ರೆಸಿನ್‌ಗೆ 10ರಿಂದ 20 ಗ್ರಾಂ. ನಮ್ಮ ಬೇಸಿಗೆಯಲ್ಲಿ ಕನಿಷ್ಠ ಪ್ರಮಾಣವೇ ಸಾಕು. ಹೆಚ್ಚಾದರೆ ರೆಸಿನ್ ಡಬ್ಬಿಯಲ್ಲಿಯೇ ಕಾದು ಗಟ್ಟಿಯಾಗುತ್ತದೆ.

ಎಚ್ಚರಿಕೆ: ಕೆಲವು ರೆಸಿನ್‌ಗಳಿಗೆ ಕೋಬಾಲ್ಟ್ ಆಕ್ಸಿಲರೇಟರನ್ನು ಪ್ರತ್ಯೇಕವಾಗಿ ಕೊಡುತ್ತಾರೆ. ಕೋಬಾಲ್ಟ್ ಮತ್ತು ಎಂಇಕೆಪಿಗಳನ್ನು ನೇರವಾಗಿ ಒಂದಕ್ಕೊಂದು ಬೆರೆಸಿದರೆ ಬೆಂಕಿ ಹೊತ್ತಿಕೊಳ್ಳಬಹುದು, ಸ್ಫೋಟವೂ ಆಗಬಹುದು. ಮೊದಲು ಕೋಬಾಲ್ಟನ್ನು ರೆಸಿನ್‌ನಲ್ಲಿ ಚೆನ್ನಾಗಿ ಕಲಸಿ, ಆಮೇಲೆ ಮಾತ್ರ ಎಂಇಕೆಪಿ ಸೇರಿಸಬೇಕು. ಇವೆರಡನ್ನೂ ಒಂದೇ ಕಪಾಟಿನಲ್ಲಿ ಇಡಕೂಡದು. ಎರಡಕ್ಕೂ ಒಂದೇ ಅಳತೆಯ ಪಾತ್ರೆ ಬಳಸಕೂಡದು.

4. ಒಣಗಿಸುವುದು ಮತ್ತು ಮೈ ಸಿದ್ಧಪಡಿಸುವುದು

ಬಣ್ಣ ಬಾಳಿಕೆ ಬರುವುದು ಡಬ್ಬಿಯ ಬೆಲೆಯಿಂದಲ್ಲ, ಅದರ ಕೆಳಗಿನ ಮೈಯಿಂದ. ಬಹುಕಾಲ ನೀರಿನಲ್ಲಿದ್ದ ದೋಣಿಯನ್ನು ಗಾಳಿಯಾಡುವ ನೆರಳಿನಲ್ಲಿ ಕನಿಷ್ಠ ಮೂರು ನಾಲ್ಕು ವಾರ ಒಣಗಿಸಬೇಕು. ಬೊಬ್ಬೆ ಒಡೆದ ಜಾಗಗಳನ್ನು ಈ ಅವಧಿಯಲ್ಲಿ ಹಲವು ಬಾರಿ ಶುದ್ಧ ನೀರಿನಿಂದ ತೊಳೆಯಬೇಕು. ಒಣಗಿದೆಯೇ ಎಂದು ತಿಳಿಯಲು ಸುಲಭ ಉಪಾಯವೊಂದಿದೆ: ಒಂದು ಅಡಿ ಚೌಕದ ಪಾರದರ್ಶಕ ಪ್ಲಾಸ್ಟಿಕ್ ಹಾಳೆಯನ್ನು ಒಡಲಿಗೆ ಹಚ್ಚಿ, ನಾಲ್ಕೂ ಅಂಚುಗಳನ್ನು ಟೇಪಿನಿಂದ ಮುಚ್ಚಬೇಕು. ಮರುದಿನ ಹಾಳೆಯ ಒಳಮೈಯಲ್ಲಿ ಹನಿ ಕಂಡರೆ ಒಡಲು ಇನ್ನೂ ಒಣಗಿಲ್ಲ.

ಮುಂದಿನದು ಮೇಣ ತೆಗೆಯುವ ಕೆಲಸ. ಅಚ್ಚಿನಿಂದ ದೋಣಿ ಸುಲಭವಾಗಿ ಬಿಡಿಸಿಕೊಳ್ಳಲೆಂದು ತಯಾರಕರು ಮೇಣ ಸವರಿರುತ್ತಾರೆ. ಮೊದಲು ಥಿನ್ನರ್ ಬಟ್ಟೆಯಿಂದ ಒರೆಸಿ, ಆಮೇಲೆ ಉಪ್ಪುಕಾಗದ ಹಿಡಿಯಬೇಕು. ಕ್ರಮ ಹಿಂದುಮುಂದಾದರೆ ಮೇಣವು ಗೀರುಗಳ ಒಳಗೆ ಸೇರಿಕೊಂಡು ಬಣ್ಣ ಸುಲಿದು ಬರುತ್ತದೆ. ಒರೆಸಿದ ಮೇಲೆ ನೀರು ಚಿಮುಕಿಸಿ ನೋಡಬೇಕು: ನೀರು ಹಾಳೆಯಂತೆ ಹರಡಿದರೆ ಮೈ ಶುದ್ಧ; ಕೆಸುವಿನ ಎಲೆಯ ಮೇಲಿನಂತೆ ಹನಿಹನಿಯಾಗಿ ನಿಂತರೆ ಮೇಣ ಉಳಿದಿದೆ.

ಹಳೆಯ ಬಣ್ಣ ಮತ್ತು ರಿಪೇರಿಯ ಜಾಗಕ್ಕೆ 80 ನಂಬರಿನ ಉಪ್ಪುಕಾಗದ, ಇಡೀ ಮೈಗೆ 120ರಿಂದ 180, ಕೊನೆಯ ಬಣ್ಣದ ಕೋಟುಗಳ ನಡುವೆ 220ರಿಂದ 320 ನಂಬರಿನದು ಸಾಕು. ಸಾಧ್ಯವಾದಷ್ಟು ನೀರು ಹಚ್ಚಿ ಉಜ್ಜುವುದು ಒಳ್ಳೆಯದು, ಧೂಳು ಏಳುವುದಿಲ್ಲ. ಹಾಗೆ ಉಜ್ಜಿದ ಬಳಿಕ ಮೈಯನ್ನು ತೊಳೆದು ಮತ್ತೆ ಒಣಗಲು ಬಿಡಬೇಕು.

ಧೂಳಿನ ಬಗ್ಗೆ ಕೋಲಾರ ಚಿನ್ನದ ಗಣಿ ಪ್ರದೇಶದ ಜನರಿಗೆ ಹೊಸದಾಗಿ ಹೇಳಬೇಕಾಗಿಲ್ಲ. ಕಲ್ಲಿನ ಧೂಳು ಕುಡಿದು ಸಿಲಿಕೋಸಿಸ್‌ಗೆ ತುತ್ತಾದ ಗಣಿ ಕಾರ್ಮಿಕರ ಮನೆಗಳು ಇಲ್ಲಿನ ಪ್ರತಿ ಲೈನಿನಲ್ಲಿಯೂ ಇದ್ದವು. ಗಾಜಿನ ಎಳೆಯ ಧೂಳು ಅದೇ ರೋಗವನ್ನು ತರುವುದೆಂದಲ್ಲ. ಆದರೆ ಅದು ಕಣ್ಣು, ಚರ್ಮ ಹಾಗೂ ಶ್ವಾಸನಾಳವನ್ನು ಕೆರಳಿಸುತ್ತದೆ. "ಸ್ವಲ್ಪ ಧೂಳು ತಾನೆ" ಎಂಬ ಮಾತಿಗೆ ಈ ಊರು ಒಮ್ಮೆ ಭಾರಿ ಬೆಲೆ ತೆತ್ತಿದೆ. ಎನ್-95 ಮುಖಗವಸು, ಕನ್ನಡಕ, ಕೈಗವಸು ಮತ್ತು ತುಂಬು ತೋಳಿನ ಅಂಗಿ ಇಲ್ಲದೆ ಯಾರನ್ನೂ ಈ ಕೆಲಸಕ್ಕೆ ಹಚ್ಚಬಾರದು. ಈ ವೆಚ್ಚವನ್ನು ಅಂದಾಜು ಪಟ್ಟಿಯಲ್ಲಿಯೇ ಸೇರಿಸಬೇಕು.

5. ಯಾವ ಬಣ್ಣ? ಎಷ್ಟು ಬಣ್ಣ?

ನೀರಿನಲ್ಲಿ ಮುಳುಗುವ ಭಾಗಕ್ಕೆ ಎರಡು ಡಬ್ಬಿಗಳಲ್ಲಿ ಬರುವ ಎಪಾಕ್ಸಿ ಪ್ರೈಮರ್ ಸೂಕ್ತ. ಇದು ಜೆಲ್‌ಕೋಟಿಗಿಂತ ಚೆನ್ನಾಗಿ ನೀರನ್ನು ತಡೆಯುತ್ತದೆ. ಒಣಗಿದ ಮೇಲೆ ಒಟ್ಟು ದಪ್ಪ ಸುಮಾರು 250 ಮೈಕ್ರಾನ್, ಎಂದರೆ ಕಾಲು ಮಿಲಿಮೀಟರ್ ಬರುವಂತೆ ನಾಲ್ಕೈದು ಕೋಟು ಹಚ್ಚಬೇಕು. ಎಪಾಕ್ಸಿ ಬಿಸಿಲು ತಾಳದು. ಆದುದರಿಂದ ಬಿಸಿಲು ಬೀಳುವ ಭಾಗಕ್ಕೆ ಅದರ ಮೇಲೆ ಪಾಲಿಯುರಿಥೇನ್ ಬಣ್ಣದ ಎರಡು ಕೋಟು ಬೇಕು. ಮನೆಯ ಗೋಡೆಗೂ ಬಾಗಿಲಿಗೂ ಹಚ್ಚುವ ಬಣ್ಣಗಳು ನೀರಿನಡಿಯಲ್ಲಿ ನಿಲ್ಲುವುದಿಲ್ಲ.

ಅಂದಾಜು ಪಟ್ಟಿಯನ್ನು ಪರಿಶೀಲಿಸಲು ಸದಸ್ಯರಿಗೆ ಒಂದು ಲೆಕ್ಕ ತಿಳಿದಿರಬೇಕು. 1.8 ಮೀ. ವ್ಯಾಸ, 0.6 ಮೀ. ಎತ್ತರದ ಹರಿಗೋಲಿನ ತಳ ಸುಮಾರು 2.5 ಚ.ಮೀ., ಸುತ್ತಲಿನ ಗೋಡೆ ಸುಮಾರು 3.4 ಚ.ಮೀ.; ಒಟ್ಟು ಹೊರಮೈ ಸುಮಾರು 6 ಚ.ಮೀ. ಡಬ್ಬಿಯ ವಿವರಪತ್ರದಲ್ಲಿ ಘನಾಂಶ ಶೇ. 50 ಎಂದಿದ್ದರೆ, 50 ಮೈಕ್ರಾನ್ ದಪ್ಪದಲ್ಲಿ 1 ಲೀಟರ್ ಬಣ್ಣ 10 ಚ.ಮೀ.ಗೆ ಬರುತ್ತದೆ, ಬ್ರಷ್ ಮತ್ತು ಡಬ್ಬಿಯಲ್ಲಿ ನಷ್ಟವಾಗುವುದನ್ನು ಕಳೆದರೆ 7 ಚ.ಮೀ. ಹೀಗೆ ಐದು ಕೋಟಿಗೆ ಬೇಕಾಗುವುದು ಸುಮಾರು 4.3 ಲೀಟರ್. 5 ಲೀಟರ್ ಎಂದು ಬರೆದರೆ ಒಪ್ಪಬಹುದು. ಇಷ್ಟೇ ಅಳತೆಯ ಹರಿಗೋಲಿಗೆ 15 ಲೀಟರ್ ಎಂದು ಬರೆದಿದ್ದರೆ ಕಾರಣ ಕೇಳುವುದು ನಮ್ಮ ಕರ್ತವ್ಯ. 1 ಲೀಟರ್ ಎಂದು ಬರೆದಿದ್ದರೂ ಕೇಳಬೇಕು. ಅಂತಹ ಕೆಲಸ ಕಣ್ಣಿಗೆ ಹೊಳೆಯುತ್ತದೆ, ನೀರನ್ನು ತಡೆಯುವುದಿಲ್ಲ.

ಬೇಡವಾದ ಬಣ್ಣವೂ ಒಂದಿದೆ. ಸಮುದ್ರದ ದೋಣಿಗಳ ತಳಕ್ಕೆ ಚಿಪ್ಪುಜೀವಿಗಳು ಅಂಟದಂತೆ ತಾಮ್ರದ ಸಂಯುಕ್ತವುಳ್ಳ ವಿಷಬಣ್ಣ ಹಚ್ಚುತ್ತಾರೆ. ಇಂತಹ ಬಣ್ಣಗಳಲ್ಲಿ ಒಂದು ಕಾಲಕ್ಕೆ ಬಳಕೆಯಲ್ಲಿದ್ದ ತವರದ ಸಂಯುಕ್ತವು ಜಲಚರಗಳಿಗೆ ಎಷ್ಟು ಮಾರಕವೆಂದು ಕಂಡುಬಂದಿತೆಂದರೆ, 2001ರ ಅಂತರರಾಷ್ಟ್ರೀಯ ಒಪ್ಪಂದವೊಂದು ಅದನ್ನು ನಿಷೇಧಿಸಿತು. ಆ ಒಪ್ಪಂದ 2008ರಲ್ಲಿ ಜಾರಿಗೆ ಬಂದಿತು. ತಾಮ್ರದ ಬಣ್ಣವೂ ನಮ್ಮ ಕೆರೆಗಳಿಗೆ ತಕ್ಕುದಲ್ಲ. ಮೀನು ಸಾಕುವ ಹಾಗೂ ಜನ ಕುಡಿಯುವ ನೀರಿಗೆ ತಾಮ್ರವನ್ನು ಬಿಡುವುದು ಸಲ್ಲದು. ಕೆಲಸ ಮುಗಿದೊಡನೆ ದಡಕ್ಕೆ ಎತ್ತಿಡುವ ಹರಿಗೋಲಿಗೆ ಅದರ ಅಗತ್ಯವೂ ಇಲ್ಲ. ಸೀಸದ ಅಂಶವಿರುವ ಬಣ್ಣವನ್ನೂ ಕೊಳ್ಳಕೂಡದು. ಮನೆಬಳಕೆಯ ಹಾಗೂ ಅಲಂಕಾರಿಕ ಬಣ್ಣಗಳಲ್ಲಿ ಸೀಸವು ಹತ್ತು ಲಕ್ಷಕ್ಕೆ 90 ಭಾಗಗಳನ್ನು ಮೀರಬಾರದೆಂಬ ಕೇಂದ್ರದ ನಿಯಮ 2017ರ ನವೆಂಬರ್ 1ರಿಂದ ಜಾರಿಯಲ್ಲಿದೆ. ದೋಣಿಯ ಬಣ್ಣಕ್ಕೂ ನಾವು ಅದೇ ಅಳತೆಗೋಲನ್ನು ಇಟ್ಟುಕೊಂಡು ಮಾರಾಟಗಾರರಿಂದ ಲಿಖಿತ ವಿವರ ಕೇಳುವುದು ಒಳಿತು.

6. ಬಣ್ಣ ಹಚ್ಚುವ ದಿನ

ನಮ್ಮ ಭಾಗಕ್ಕೆ ಫೆಬ್ರವರಿ ಮತ್ತು ಮಾರ್ಚ್ ಉತ್ತಮ ಕಾಲ. ಆಗ ಮಳೆಯಿಲ್ಲ, ಕೆರೆಯಲ್ಲಿ ನೀರು ಇಳಿದಿರುತ್ತದೆ, ಮುಂಗಾರಿನ ಮೀನುಮರಿ ಬಿತ್ತನೆಗೆ ಸಾಕಷ್ಟು ಸಮಯ ಉಳಿದಿರುತ್ತದೆ. ಬೆಳಗಿನ ಇಬ್ಬನಿ ಪೂರ್ತಿ ಆರಿದ ಮೇಲೆ ಆರಂಭಿಸಿ, ಬಿಸಿಲು ಏರುವ ಮೊದಲು ನಿಲ್ಲಿಸಬೇಕು. ಒಡಲು ಮುಟ್ಟಲಾಗದಷ್ಟು ಕಾದಿದ್ದರೆ ಬಣ್ಣ ಹರಡುವ ಮೊದಲೇ ಆರಿ ಸುಕ್ಕುಗಟ್ಟುತ್ತದೆ. ಸಂಜೆ ತಡವಾಗಿ ಹಚ್ಚಿದರೆ ಮಂಜು ಬಿದ್ದು ಹೊಳಪು ಮಂಕಾಗುತ್ತದೆ.

ಎರಡು ಡಬ್ಬಿಗಳ ಬಣ್ಣವನ್ನು ತಯಾರಕರು ಹೇಳಿದ ಪ್ರಮಾಣದಲ್ಲಿಯೇ ಅಳೆದು ಬೆರೆಸಬೇಕು, ಕಣ್ಣಂದಾಜು ಸಲ್ಲದು. ಬೆರೆಸಿದ ಮೇಲೆ ನಿಗದಿತ ಅವಧಿಯೊಳಗೆ ಬಳಸಿ ಮುಗಿಸಬೇಕಾದ್ದರಿಂದ ಒಂದು ಕೋಟಿಗೆ ಬೇಕಾದಷ್ಟನ್ನೇ ಬೆರೆಸಬೇಕು. ಮುಂದಿನ ಕೋಟಿಗೆ ಹೇಳಿದ ಸಮಯ ಮೀರಿದರೆ ಮೈಯನ್ನು ನೀರಿನಿಂದ ತೊಳೆದು, ಉಪ್ಪುಕಾಗದ ತಿಕ್ಕಿದ ನಂತರವೇ ಹಚ್ಚಬೇಕು. ಪಾಲಿಯುರಿಥೇನ್ ಬಣ್ಣದ ಹಾರ್ಡ್‌ನರ್‌ನಲ್ಲಿರುವ ಐಸೊಸಯನೇಟ್ ಶ್ವಾಸಕೋಶಕ್ಕೆ ಅಪಾಯಕಾರಿ. ಆದುದರಿಂದ ಬ್ರಷ್ ಮತ್ತು ರೋಲರ್ ಮಾತ್ರ ಬಳಸಬೇಕು. ಸ್ಪ್ರೇ ಗನ್ ಬೇಡ. ಥಿನ್ನರ್, ಬ್ರಷ್ ತೊಳೆದ ದ್ರವ ಅಥವಾ ಉಜ್ಜಿದ ಪುಡಿ ಕೆರೆಯನ್ನಾಗಲೀ ರಾಜಕಾಲುವೆಯನ್ನಾಗಲೀ ಸೇರಬಾರದು. ಕೆಲಸ ಏರಿಯ ಮೇಲೆ ನಡೆಯದೆ, ಕೆರೆಯಿಂದ ದೂರದಲ್ಲಿ, ಟಾರ್ಪಾಲಿನ ಮೇಲೆ ನಡೆಯಲಿ.

ಬಣ್ಣದ ಆಯ್ಕೆಯೂ ಸುರಕ್ಷತೆಯ ವಿಷಯವೇ. ಹಸಿರು, ನೀಲಿ ಬಣ್ಣದ ದೋಣಿ ಮಗುಚಿದರೆ ದಡದಿಂದ ಕಾಣುವುದಿಲ್ಲ. ಒಳಗೂ ಹೊರಗೂ ಕಿತ್ತಳೆ ಅಥವಾ ಹಳದಿ ಇರಲಿ. ಮಗುಚಿದಾಗ ಕಾಣುವುದು ತಳವಾದ್ದರಿಂದ ತಳಕ್ಕೂ ಅದೇ ಬಣ್ಣವಿರಲಿ.

7. ಹೊರೆ ಗೆರೆ

ಅತಿಭಾರದಿಂದ ಹಡಗುಗಳು ಮುಳುಗುವುದನ್ನು ತಡೆಯಲು ಬ್ರಿಟನ್ 1876ರಲ್ಲಿ ಹಡಗುಗಳ ಮೈಮೇಲೆ ಗೆರೆ ಬರೆಯುವುದನ್ನು ಕಾಯಿದೆಯ ಮೂಲಕ ಕಡ್ಡಾಯಗೊಳಿಸಿತು. ಅದೇ ವಿಧಾನ ನಮ್ಮ ಹರಿಗೋಲಿಗೂ ಸಲ್ಲುತ್ತದೆ. ಕೊನೆಯ ಕೋಟಿಗೆ ಮೊದಲು ದೋಣಿಯನ್ನು ಮೊಣಕಾಲುದ್ದದ ನಿಶ್ಚಲ ನೀರಿನಲ್ಲಿ ಇಳಿಸಿ, ತಯಾರಕರು ಒಪ್ಪಿದ ಭಾರದಷ್ಟು ತೂಗಿದ ಮರಳಿನ ಚೀಲಗಳನ್ನು ಸಮನಾಗಿ ಇಡಬೇಕು. ಹೊರಮೈಯಲ್ಲಿ ನೀರು ನಿಂತ ಮಟ್ಟವನ್ನು ನಾಲ್ಕು ಕಡೆ ಗುರುತಿಸಬೇಕು. ದೋಣಿ ಪೂರ್ತಿ ಒಣಗಿದ ಬಳಿಕ ಕೊನೆಯ ಕೋಟು ಹಚ್ಚಿ, ಆ ಮಟ್ಟದಲ್ಲಿ ಎರಡು ಬೆರಳಗಲದ ಕಪ್ಪು ಗೆರೆ ಬರೆಯಬೇಕು. ಮೀನು ತುಂಬಿದಾಗ ಗೆರೆ ಮುಳುಗಿದರೆ ಭಾರ ಹೆಚ್ಚಾಗಿದೆ ಎಂದು ಓದು ಬಾರದವರಿಗೂ ತಿಳಿಯುತ್ತದೆ. ದೋಣಿಯ ಸಂಖ್ಯೆ, ಗ್ರಾಮ ಪಂಚಾಯಿತಿ ಅಥವಾ ಸಂಘದ ಹೆಸರು ಮತ್ತು ಗರಿಷ್ಠ ಜನರ ಸಂಖ್ಯೆಯನ್ನೂ ದೊಡ್ಡ ಅಕ್ಷರಗಳಲ್ಲಿ ಬರೆಯಿಸಬೇಕು.

8. ವರ್ಷದುದ್ದಕ್ಕೂ ಆರೈಕೆ

ಪ್ರತಿದಿನ: ಕೆಲಸ ಮುಗಿದ ಮೇಲೆ ಒಳಗಿನ ನೀರನ್ನು ಚೆಲ್ಲಿ, ದೋಣಿಯನ್ನು ಎಳೆಯದೆ ಇಬ್ಬರು ಎತ್ತಿ ತಂದು, ಹಳೆಯ ಟೈರುಗಳ ಮೇಲೆ ನೆರಳಿನಲ್ಲಿ ಬೋರಲು ಇಡುವುದು.
ಪ್ರತಿ ವಾರ: ಪಾಚಿಯನ್ನು ಹಸಿಯಾಗಿದ್ದಾಗಲೇ ತೆಂಗಿನ ನಾರು ಅಥವಾ ಮೆತ್ತನೆಯ ಬ್ರಷ್‌ನಿಂದ ತೊಳೆಯುವುದು, ಲೋಹದ ಸಲಾಕೆ ಬಳಸದಿರುವುದು.
ಪ್ರತಿ ತಿಂಗಳು: ಗೀರುಗಳನ್ನು ನೋಡಿ, ಎಳೆ ಕಾಣುವ ಕಡೆ ಒಣಗಿಸಿ ಎಪಾಕ್ಸಿ ಸವರುವುದು, ಹಗ್ಗ, ಹುಟ್ಟು ಮತ್ತು ಜೀವರಕ್ಷಕ ಜಾಕೆಟ್ಟುಗಳನ್ನು ಪರಿಶೀಲಿಸುವುದು.
ಪ್ರತಿ ವರ್ಷ: ತೂಕ, ಸದ್ದು, ಬೊಬ್ಬೆ, ಬಿರುಕುಗಳ ಪರೀಕ್ಷೆ, ಅಗತ್ಯವಿದ್ದಷ್ಟೇ ಬಣ್ಣ.

ಕೊನೆಗೂ ದುರಸ್ತಿಯಾಗದ ದೋಣಿಯನ್ನು ಕೆರೆಯಂಗಳದಲ್ಲಿ ಬಿಡಬಾರದು. ಮಕ್ಕಳು ಅದನ್ನು ನೀರಿಗೆ ಇಳಿಸಿ ಆಡುತ್ತಾರೆ. ಸುಡಲೂ ಕೂಡದು, ವಿಷಪೂರಿತ ಹೊಗೆ ಏಳುತ್ತದೆ. ತಳವನ್ನು ಕತ್ತರಿಸಿ ತೇಲದಂತೆ ಮಾಡಿ, ವಹಿಯಲ್ಲಿ ನಿರುಪಯುಕ್ತವೆಂದು ದಾಖಲಿಸಿ, ಕ್ರಮಬದ್ಧವಾಗಿ ವಿಲೇವಾರಿ ಮಾಡಬೇಕು.

9. ಸಭೆಯಲ್ಲಿ ಚರ್ಚಿಸಬೇಕಾದ ಪ್ರಶ್ನೆಗಳು

(1) ನಮ್ಮ ವ್ಯಾಪ್ತಿಯ ಕೆರೆಗಳಲ್ಲಿ ಎಷ್ಟು ದೋಣಿಗಳಿವೆ? ಅವು ಯಾರ ಸ್ವತ್ತು? ಕೊನೆಯ ಬಾರಿ ಪರೀಕ್ಷಿಸಿದ್ದು ಯಾವಾಗ?
(2) ಪ್ರತಿ ದೋಣಿಗೂ ತೂಕ, ರಿಪೇರಿ ಮತ್ತು ಬಣ್ಣದ ವಿವರ ಬರೆಯುವ ವಹಿ ಇದೆಯೇ?
(3) ಮೀನುಗಾರಿಕೆಯ ಗುತ್ತಿಗೆ ಕೊಡುವಾಗ ದೋಣಿಯ ಸುಸ್ಥಿತಿ ಮತ್ತು ಜೀವರಕ್ಷಕ ಜಾಕೆಟ್ಟುಗಳನ್ನು ಷರತ್ತಾಗಿ ಸೇರಿಸಿದ್ದೇವೆಯೇ?
(4) ಯಂತ್ರಗಳಿಗೆ ಬಣ್ಣ ಹಚ್ಚಿ ಪಳಗಿದ ಕೈಗಳು ಕೆ.ಜಿ.ಎಫ್. ಪಟ್ಟಣದಲ್ಲಿ ಅನೇಕವಿವೆ. ಅಂತಹವರಿಂದ ನಮ್ಮ ಮೀನುಗಾರ ಯುವಕರಿಗೆ ಎರಡು ದಿನಗಳ ತರಬೇತಿ ಕೊಡಿಸಬಹುದೇ?

ಏರಿಯನ್ನು ವರ್ಷವರ್ಷವೂ ನೋಡಿಕೊಂಡ, ತೂಬನ್ನು ಕಾದ ನೀರುಗಂಟಿಗಳ ಪರಂಪರೆ ಈ ನೆಲದ್ದು. ಸಣ್ಣ ಬಿಲವನ್ನು ಬೇಸಿಗೆಯಲ್ಲಿಯೇ ಮುಚ್ಚಿದರೆ ಮಳೆಗಾಲದಲ್ಲಿ ಏರಿ ಉಳಿಯುತ್ತದೆಂಬುದು ಅವರಿಗೆ ತಿಳಿದಿತ್ತು. ದೋಣಿಯ ಒಡಲಿಗೂ ಇದೇ ನಿಯಮ ಅನ್ವಯಿಸುತ್ತದೆ. ಮುಂದಿನ ಸಾಮಾನ್ಯ ಸಭೆಗೆ ಮೊದಲು ಪ್ರತಿಯೊಬ್ಬ ಸದಸ್ಯರೂ ತಮ್ಮ ಊರಿನ ಕೆರೆಗೆ ಹೋಗಿ, ಅಲ್ಲಿನ ದೋಣಿಯೊಂದನ್ನು ಬೋರಲು ಹಾಕಿಸಿ, ತಟ್ಟಿ ನೋಡಿ, ಕಂಡದ್ದನ್ನು ಬರೆದು ತರಬೇಕೆಂದು ವಿನಂತಿ.